ಸೋರ್ಸ್ ಕೋಡ್‌ನಿಂದ ಎಚ್‌ಟಾಪ್ ಇನ್‌ಸ್ಟಾಲ್ ಮಾಡುವುದು ಹೇಗೆ?

ಯಾವ ಪ್ರೋಗ್ರಾಂ ಎಷ್ಟು ಸಿಪಿಯು, ಎಷ್ಟು ಮೆಮೊರಿ ನುಂಗುತ್ತಿದೆ ಎಂದು ಟರ್ಮಿನಲ್‌ನಲ್ಲೇ ತೋರಿಸುವ ಎಚ್‌ಟಾಪ್, ಬಹುತೇಕ ಲಿನಕ್ಸ್ ಡಿಸ್ಟ್ರೊಗಳಲ್ಲಿ (ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪಗಳಲ್ಲಿ) ಸಿದ್ಧ ಪ್ಯಾಕೇಜ್ ಆಗಿಯೇ ಸಿಗುತ್ತದೆ. ಅದು ಸಾಕಾದರೆ ಅದನ್ನೇ ಬಳಸಿ. ಹೊಸ ಆವೃತ್ತಿಯೇ ಬೇಕೆಂದರೆ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ತಂದು ಕಂಪೈಲ್ ಮಾಡಬೇಕು, ಅಂದರೆ ಓಡುವ ಪ್ರೋಗ್ರಾಂ ಆಗಿ ಮಾರ್ಪಡಿಸಬೇಕು. ಇಲ್ಲಿನ ಆದೇಶಗಳನ್ನೆಲ್ಲ ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ. ‘ಹೋಮ್’, ‘ಪಾತ್’ ಎರಡು ಮಾತ್ರ ದೊಡ್ಡಕ್ಷರ, ಉಳಿದದ್ದು ಸಣ್ಣಕ್ಷರ.

ಮೊದಲು ಸಲಕರಣೆ. ಡೆಬಿಯನ್, ಉಬುಂಟುಗಳಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಲಿಬ್‌ಎನ್‌ಕರ್ಸಸ್-ಡೆವ್’ ಎಂದರೆ ಕಂಪೈಲರ್, ಅದನ್ನು ನಡೆಸುವ ಮೇಕ್, ಪರದೆ ಚಿತ್ರಿಸುವ ಎನ್‌ಕರ್ಸಸ್ ಲೈಬ್ರರಿಯ ಹೆಡರ್‌ಗಳು (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ತಿಳಿಸುವ ಕಡತಗಳು) ಒಟ್ಟಿಗೇ ಬರುತ್ತವೆ. ಫೆಡೋರಾದಲ್ಲಿ ಎನ್‌ಕರ್ಸಸ್ ಪ್ಯಾಕೇಜಿನ ಹೆಸರು ‘-ಡೆವೆಲ್’ ಎಂದು ಮುಗಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಲೈಬ್ರರಿ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ, ಆದರೆ ಪ್ರೋಗ್ರಾಂ ಓಡಿಸಲು ಬೇಕಾದ ಭಾಗವಷ್ಟೇ. ಕಂಪೈಲ್ ಮಾಡಲು ಹೆಡರ್ ಇರುವ ‘-ಡೆವ್’ ಪ್ಯಾಕೇಜ್ ಪ್ರತ್ಯೇಕವಾಗಿ ಬೇಕು.

ಯೋಜನೆಯ ಅಧಿಕೃತ ಬಿಡುಗಡೆ ಪುಟದಿಂದ ‘.ಟಾರ್.ಎಕ್ಸ್‌ಜೆಡ್’ ಕಡತ ಇಳಿಸಿಕೊಳ್ಳಿ. ಯೋಜನೆಯ ಕೋಡ್ ಭಂಡಾರವಾದ ಗಿಟ್‌ನಿಂದ ನೇರವಾಗಿ ತಂದರೆ, ಬೇಕಾದದ್ದೆಲ್ಲ ಕಂಪ್ಯೂಟರಿನಲ್ಲಿದೆಯೇ ಎಂದು ಪರಿಶೀಲಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಇರುವುದಿಲ್ಲ. ಆಟೋಕಾನ್ಫ್, ಆಟೋಮೇಕ್ ಹಾಕಿಕೊಂಡು ‘./ಆಟೋಜೆನ್.ಎಸ್‌ಎಚ್’ ಓಡಿಸಬೇಕಾಗುತ್ತದೆ. ‘ಟಾರ್ ಎಕ್ಸ್‌ಎಫ್’ ಮುಂದೆ ಕಡತದ ಹೆಸರು ಕೊಟ್ಟು ಬಿಚ್ಚಿ, ‘ಸಿಡಿ’ಯಿಂದ ಆ ಫೋಲ್ಡರ್ ಒಳಗೆ ಹೋಗಿ.

ಈಗ ‘./ಕಾನ್ಫಿಗರ್ --ಪ್ರಿಫಿಕ್ಸ್=$ಹೋಮ್/.ಲೋಕಲ್’. ಪ್ರಿಫಿಕ್ಸ್ ಎಂದರೆ ಪ್ರೋಗ್ರಾಂ ಹೋಗಿ ಕೂರುವ ಜಾಗ. ಅದನ್ನು ಕೊಡದಿದ್ದರೆ ಎಲ್ಲವೂ ‘/ಯುಎಸ್ಆರ್/ಲೋಕಲ್’ಗೆ ಹೋಗುತ್ತದೆ, ಅದಕ್ಕೆ ಸುಡೊ, ಅಂದರೆ ರೂಟ್ (ಆಡಳಿತಗಾರನ) ಅಧಿಕಾರ ಬೇಕು. ಒಬ್ಬರೇ ಬಳಸುವ ಪ್ರೋಗ್ರಾಂಗೆ ಸ್ವಂತ ಹೋಮ್ ಫೋಲ್ಡರ್ ಸಾಕು. ಹೊರಗಿನಿಂದ ತಂದ ಸ್ಕ್ರಿಪ್ಟಿಗೆ ರೂಟ್ ಅಧಿಕಾರ ಕೊಡದಿರುವುದೇ ಕ್ಷೇಮ. ಪರಿಶೀಲನೆ ಅರ್ಧದಲ್ಲೇ ನಿಂತರೆ ಕೊನೆಯ ಸಾಲಿನಲ್ಲಿ ಕಾಣೆಯಾದ ಲೈಬ್ರರಿಯ ಹೆಸರಿರುತ್ತದೆ. ಅದು ಅರ್ಥವಾಗದಿದ್ದರೆ ‘ಕಾನ್ಫಿಗ್.ಲಾಗ್’ ತೆರೆಯಿರಿ. ಅದರ ಬಾಲದಲ್ಲಿರುವುದು ಬರೀ ವೇರಿಯಬಲ್‌ಗಳ ಪಟ್ಟಿ. ನಿಜವಾದ ತಪ್ಪು ಅದಕ್ಕಿಂತ ಮೇಲಿರುತ್ತದೆ.

ಮುಂದೆ ‘ಮೇಕ್ -ಜೆ4’. 4 ಎಂದರೆ ಏಕಕಾಲಕ್ಕೆ ನಡೆಯುವ ಕೆಲಸಗಳ ಸಂಖ್ಯೆ. ನಿಮ್ಮಲ್ಲೆಷ್ಟು ಕೋರ್ ಇವೆ ಎಂದು ‘ಎನ್‌ಪ್ರೊಕ್’ ಹೇಳುತ್ತದೆ. ಎಚ್‌ಟಾಪ್ ಚಿಕ್ಕದು, ಬೇಗ ಮುಗಿಯುತ್ತದೆ. ದೊಡ್ಡ ಪ್ರೋಗ್ರಾಂಗಳಲ್ಲಿ ‘ಕಿಲ್ಡ್’ ಎಂದು ನಿಂತುಹೋದರೆ ಸಾಮಾನ್ಯವಾಗಿ ಮೆಮೊರಿ ಸಾಲದೆ ಕರ್ನಲ್ (ಲಿನಕ್ಸ್‌ನ ತಿರುಳು) ಕಂಪೈಲರನ್ನು ಕೊಂದಿರುತ್ತದೆ, ಸಂಖ್ಯೆ ಇಳಿಸಿ. ಎರರ್ ಬಂದಾಗ ಕೊನೆಯದನ್ನಲ್ಲ, ಮೊದಲನೆಯದನ್ನು ಓದಿ. ಉಳಿದವು ಅದರ ಬೆನ್ನಿಗೆ ಬಂದವು. ಹಲವು ಕೆಲಸಗಳ ಸಂದೇಶ ಕಲಸಿಹೋಗಿದ್ದರೆ ‘-ಜೆ’ ಬಿಟ್ಟು ಬರಿಯ ‘ಮೇಕ್’ ಕೊಡಿ, ಎರರ್ ಬಂದ ಜಾಗದಲ್ಲೇ ನಿಲ್ಲುತ್ತದೆ. ಲೈಬ್ರರಿ ಸೇರಿಸಿದ ಮೇಲೆ ಮತ್ತೆ ಕಾನ್ಫಿಗರ್‌ನಿಂದಲೇ ಆರಂಭಿಸಿ.

‘ಮೇಕ್ ಇನ್‌ಸ್ಟಾಲ್’ ಕೊಟ್ಟರೆ ಕೆಲಸ ಮುಗಿಯಿತು. ‘ಎಚ್‌ಟಾಪ್ --ವರ್ಷನ್’ ಹೊಸ ಸಂಖ್ಯೆ ತೋರಿಸಬೇಕು. ‘ಕಮಾಂಡ್ ನಾಟ್ ಫೌಂಡ್’ ಎಂದರೆ ‘.ಲೋಕಲ್/ಬಿನ್’ ನಿಮ್ಮ ಪಾತ್‌ನಲ್ಲಿ (ಆದೇಶಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ) ಇಲ್ಲ. ಉಬುಂಟುವಿನಲ್ಲಿ ಆ ಫೋಲ್ಡರ್ ಇದ್ದರೆ ಲಾಗಿನ್ ವೇಳೆ ತಾನಾಗಿ ಸೇರುತ್ತದೆ, ಹಾಗಾಗಿ ಒಮ್ಮೆ ಲಾಗೌಟ್ ಮಾಡಿ ಬನ್ನಿ. ಹಳೆಯ ಆವೃತ್ತಿಯೇ ಕಂಡರೆ ‘ಹ್ಯಾಶ್ -ಆರ್’ ಕೊಡಿ. ಟರ್ಮಿನಲ್‌ನಲ್ಲಿ ಆದೇಶ ಓಡಿಸುವ ಬ್ಯಾಶ್ ಹಳೆಯ ಜಾಗವನ್ನು ನೆನಪಿಟ್ಟುಕೊಂಡಿರುತ್ತದೆ.

ಸೋರ್ಸ್ ಫೋಲ್ಡರನ್ನು ಅಳಿಸಬೇಡಿ. ಹೀಗೆ ಹಾಕಿದ್ದು ಪ್ಯಾಕೇಜ್ ಮ್ಯಾನೇಜರ್‌ನ ಲೆಕ್ಕಕ್ಕೆ ಸಿಗುವುದಿಲ್ಲ. ತೆಗೆಯುವಾಗ ಅದೇ ಫೋಲ್ಡರಿನಿಂದ ‘ಮೇಕ್ ಅನ್‌ಇನ್‌ಸ್ಟಾಲ್’ ಕೊಡಬೇಕು.