ಮದುವೆ ಫೋಟೊ ಕಸುಬಿಗೆ ಇಳಿಯುವಿರಾ? ಆಲ್ಬಮ್‌ನಿಂದ ಹಿಂದಕ್ಕೆ ಬನ್ನಿ

ಮದುವೆ ಸೀಸನ್ ಹತ್ತಿರ ಬಂತೆಂದರೆ ನನಗೆ ಫೋನು ಶುರು. ಇಂಡಿಯಿಂದ, ಸಿಂದಗಿಯಿಂದ, ಮುದ್ದೇಬಿಹಾಳದಿಂದ ಹುಡುಗರು ಕೇಳುತ್ತಾರೆ: "ಅಣ್ಣಾರ, ಯಾವ ಕ್ಯಾಮೆರಾ ತಗೊಳ್ಳಲಿರೀ?" ನಾನು ತಿರುಗಿ ಕೇಳುತ್ತೇನೆ: "ಆಲ್ಬಮ್ ಯಾವ ಸೈಜಿನದು ಕೊಡ್ತೀಯೋ ತಮ್ಮಾ?" ಆ ಕಡೆ ಸದ್ದೇ ಇಲ್ಲ. ಸಾಲ ಮಾಡಿ ಕ್ಯಾಮೆರಾ ತಂದು, ಆಮೇಲೆ "ಫೈಲೇ ಓಪನ್ ಆಗ್ತಿಲ್ಲ" ಎಂದು ಮತ್ತೆ ಫೋನು ಮಾಡಿದವರೂ ಇದ್ದಾರೆ. ಅದಕ್ಕೇ ಇಲ್ಲಿ ಕೆಲಸ ತಿರುಗಾಮುರುಗಾ. ಗಿರಾಕಿಯ ಕೈಗೆ ಹೋಗುವ ಆಲ್ಬಮ್‌ನಿಂದ ಶುರು ಮಾಡೋಣ. ಕ್ಯಾಮೆರಾ ಕೊನೆಗೆ.

1. ಆಲ್ಬಮ್ ಲೆಕ್ಕ

12×36 ಆಲ್ಬಮ್ ಎಂದಿಟ್ಟುಕೊಳ್ಳಿ. ಬಿಚ್ಚಿಟ್ಟರೆ 36 ಇಂಚು, ಒಂದು ಪುಟ 12×18. ಇಂಚಿಗೆ 300 ಪಿಕ್ಸೆಲ್‌ನಂತೆ ಲೆಕ್ಕ ಹಾಕಿದರೆ ಒಂದು ಪುಟಕ್ಕೆ 5400×3600 ಬೇಕು. ಅಂದರೆ 20 ಮೆಗಾಪಿಕ್ಸೆಲ್‌ಗೂ ಚೂರು ಕಡಿಮೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ 6000×4000 ಕೊಡುತ್ತದೆ, ಕತ್ತರಿಸಲು ಸ್ವಲ್ಪ ಜಾಗವೂ ಉಳಿಯುತ್ತದೆ. 45 ಮೆಗಾಪಿಕ್ಸೆಲ್ ಬೇಕೇ ಬೇಕು ಎನ್ನುವವರು ಮದುವೆಗಿಂತ ಜಾಸ್ತಿ ಹಾರ್ಡ್‌ಡಿಸ್ಕ್ ತುಂಬಿಸುತ್ತಾರೆ ಅಷ್ಟೇ.

2. ಕಂಪ್ಯೂಟರ್

16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಆರ್‌ಜಿಬಿ (ಪರದೆಗೂ ಲ್ಯಾಬಿಗೂ ಸಾಮಾನ್ಯವಾಗಿ ಬಳಸುವ ಬಣ್ಣಗಳ ಗುಂಪು) ಬಣ್ಣಗಳನ್ನು ಹೆಚ್ಚೂಕಡಿಮೆ ಪೂರ್ತಿ ತೋರಿಸುವ, ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಮಾನಿಟರ್. ಒಂದು ಮದುವೆಗೆ 2500 ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೋಟೊ), ಒಂದೊಂದು 30 ಎಂಬಿ ಎಂದರೂ 75 ಜಿಬಿ ಆಯಿತು. ಹಾಗಾಗಿ ಎರಡು ಹಾರ್ಡ್‌ಡಿಸ್ಕ್ ಬೇಕು, ಎರಡರಲ್ಲೂ ಅದೇ ಫೋಟೊ. ಎರಡನೆಯದು ನಿಮ್ಮ ಮನೆಯಲ್ಲಿ ಬೇಡ, ಅಕ್ಕನ ಮನೆಯಲ್ಲೋ ಮಾವನ ಮನೆಯಲ್ಲೋ ಇರಲಿ.

3. ಸಾಫ್ಟ್‌ವೇರ್

ಎಲ್ಲರೂ ಎಡವುವುದು ಇಲ್ಲೇ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಹಳೇ ಲೈಟ್‌ರೂಮ್ (ಫೋಟೊ ಆರಿಸಿ ತಿದ್ದಲು ಅಡೋಬಿ ಕಂಪನಿಯ ಸಾಫ್ಟ್‌ವೇರ್) ಇರುತ್ತದೆ. ಕ್ಯಾಮೆರಾ ಮಾತ್ರ ಹೊಚ್ಚಹೊಸದು. ಒಮ್ಮೆ ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಲೈಟ್‌ರೂಮ್ 6ಕ್ಕೆ 2017ರ ಡಿಸೆಂಬರ್‌ನಲ್ಲೇ ಕೊನೆಯ ಅಪ್‌ಡೇಟ್ ಬಂದದ್ದು. ಅದಾದ ಮೇಲೆ ಬಂದ ಕ್ಯಾಮೆರಾಗಳ ರಾ ಫೈಲ್ ಅದಕ್ಕೆ ಗುರುತೇ ಸಿಗುವುದಿಲ್ಲ. ಆಗ ಹುಡುಗರು ಕ್ಯಾಮೆರಾನೇ ಕೆಟ್ಟಿದೆ ಎಂದು ಅಂಗಡಿಗೆ ಓಡುತ್ತಾರೆ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಫೈಲನ್ನು ಹಳೇ ಲೈಟ್‌ರೂಮ್‌ಗೂ ಓದಲು ಬರುವ ಡಿಎನ್‌ಜಿ ರೂಪಕ್ಕೆ ಬದಲಾಯಿಸಿಕೊಂಡು ಈ ಸೀಸನ್ ದಾಟಿಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಮಾತ್ರ ಬೇಡ. ಅದರ ಜೊತೆ ವೈರಸ್ ಬಂದು, ಗಿರಾಕಿಗಳ ಫೋಟೊಗಳಿಗೆಲ್ಲ ಬೀಗ ಬಿದ್ದರೆ ಯಾರಿಗೆ ಏನು ಹೇಳುತ್ತೀರಿ?

ಕಸುಬಿಗೆ ನನ್ನ ಸಲಹೆ ಲೈಟ್‌ರೂಮ್ ಕ್ಲಾಸಿಕ್. ಬಾಡಿಗೆ ಕಟ್ಟುತ್ತಾ ಇರಬೇಕು, ನಿಜ. ಆದರೆ ಸಾವಿರಾರು ಫೋಟೊ ಆರಿಸಿ, ಒಂದರ ತಿದ್ದುಪಡಿಯನ್ನು ನೂರಕ್ಕೆ ಹಚ್ಚುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಕ್ಲಾಸಿಕ್ ಎಂಬ ಮಾತಿಲ್ಲದ ಬರೀ ಲೈಟ್‌ರೂಮ್ ಬೇರೆ. ಅದು ಫೋಟೊಗಳನ್ನು ಕ್ಲೌಡ್‌ನಲ್ಲಿ ಇಡುವ ಲೆಕ್ಕಾಚಾರದ್ದು, ಹಳ್ಳಿಯ ಇಂಟರ್‌ನೆಟ್‌ನಲ್ಲಿ 75 ಜಿಬಿ ಏರಿಸುವುದು ಆಗದ ಮಾತು. ಕೈಯಲ್ಲಿ ದುಡ್ಡಿಲ್ಲವೇ? ಡಾರ್ಕ್‌ಟೇಬಲ್ ಪುಕ್ಕಟೆ, ಕಲಿಯಲು ಸ್ವಲ್ಪ ತಲೆನೋವು. ನಿಕಾನ್‌ನವರ ಎನ್‌ಎಕ್ಸ್ ಸ್ಟುಡಿಯೊ, ಕ್ಯಾನನ್‌ನವರ ಡಿಪಿಪಿ ಕೂಡ ಪುಕ್ಕಟೆ. ವಿಡಿಯೊಗೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಸಾಕು, 4ಕೆ ತನಕ ಹೊರತೆಗೆದುಕೊಡುತ್ತದೆ. ಚಿಲ್ಲರೆ ದುಡ್ಡಿಗೆ ನೂರಾರು ಪ್ರಿಸೆಟ್ (ಒಂದೇ ಒತ್ತಿಗೆ ಫೋಟೊದ ಬಣ್ಣ ಬದಲಿಸುವ ಸಿದ್ಧ ಸೂತ್ರ) ಮಾರುವವರ ಕಡೆ ತಿರುಗಿಯೂ ನೋಡಬೇಡಿ. ಅವು ಅರಿಷಿಣ ಹಚ್ಚಿದ ಮುಖವನ್ನು ಕಿತ್ತಳೆ ಹಣ್ಣು ಮಾಡಿಬಿಡುತ್ತವೆ.

ಯಾವ ಸಾಫ್ಟ್‌ವೇರ್ ನಿಮಗೆ ಸರಿ ಎಂದು ತಿಳಿಯಲು ನನ್ನದೊಂದು ಪರೀಕ್ಷೆ ಇದೆ: ಇಳಕಲ್ ಸೀರೆಯ ಸೆರಗು. ಮನೆಯಲ್ಲಿ ಅವ್ವಂದೋ ಅಜ್ಜಿದೋ ಒಂದು ಇದ್ದೇ ಇರುತ್ತದೆ ಅಲ್ವಾ? ಟೋಪ ತೆನಿ ಸೆರಗಿನ ಆ ಕೆಂಪು ರೇಷ್ಮೆ ಕ್ಯಾಮೆರಾಕ್ಕೆ ದೊಡ್ಡ ಕಷ್ಟ. ಬೆಳಕು ಸರಿ ಇದ್ದಂತೆ ಕಂಡರೂ ಕೆಂಪು ಚಾನೆಲ್ (ಫೋಟೊದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಒಂದು) ಒಂದೇ ತುಂಬಿ ಹರಿದಿರುತ್ತದೆ. ನೇಯ್ಗೆಯ ಎಳೆ ಹೋಗಿ ಬರೀ ಕೆಂಪು ಬಣ್ಣ ಬಳಿದಂತೆ ಆಗುತ್ತದೆ. ಸೀರೆ ಉಟ್ಟವರನ್ನು ಹಳದಿ ಬಲ್ಬಿನ ಕೆಳಗೆ ನಿಲ್ಲಿಸಿ, ರಾ ಫೈಲ್ ತೆಗೆಯಿರಿ. ಕ್ಯಾಮೆರಾದ ವಿವಿಡ್ ಬಣ್ಣ ಬಿಟ್ಟು ನ್ಯೂಟ್ರಲ್ ಇಡಿ. ಮೂರು ಬಣ್ಣಗಳ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಬೇರೆಬೇರೆಯಾಗಿ ಕಾಣುವಂತೆ ಮಾಡಿಕೊಳ್ಳಿ. ಕೆಂಪು ಬಲಗಡೆ ಗೋಡೆಗೆ ಬಡಿದಿದ್ದರೆ ಎಕ್ಸ್‌ಪೋಶರ್ ಮೂರನೇ ಎರಡರಷ್ಟು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಸಿ ಮತ್ತೊಂದು ತೆಗೆಯಿರಿ.

ಈಗ ಅದೇ ಫೈಲನ್ನು ಎರಡು ಮೂರು ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ದುಡ್ಡಿನವೂ ಕೆಲವು ದಿನ ಸುಮ್ನೆ ಬಳಸಲು ಬಿಡುತ್ತವೆ. ಮೊದಲು ಬಿಳಿ ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಸರಿ ಮಾಡಿ. ಆಮೇಲೆ ಕೆಂಪಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಮಾತ್ರ ಸ್ವಲ್ಪ ಇಳಿಸಿ. ಎಳೆಗಳು ಮರಳಿ ಕಂಡವೇ? ಕೆಂಪು ಇಳಿಸಿದಾಗ ತುಟಿಯೂ ಸತ್ತಂತೆ ಕಾಣುತ್ತದೆಯೇ? ಸೆರಗನ್ನು ಮಾತ್ರ ಬೇರೆ ಮಾಡಿ ತಿದ್ದಲು ಎಷ್ಟು ಹೊತ್ತು ಹಿಡಿಯಿತು? ಇಷ್ಟನ್ನು ಗಡಿಯಾರ ನೋಡಿಕೊಂಡು ಮಾಡಿ. ಕೊನೆಗೆ ಎಸ್‌ಆರ್‌ಜಿಬಿಯಲ್ಲಿ ಜೆಪೆಗ್ ಮಾಡಿ, ನಿಮ್ಮ ಆಲ್ಬಮ್ ಲ್ಯಾಬ್‌ನಿಂದಲೇ ಒಂದು ಪ್ರಿಂಟ್ ಹಾಕಿಸಿ. ಆ ಪ್ರಿಂಟನ್ನು ಸೀರೆಯ ಮೇಲೇ ಇಟ್ಟು ಹಗಲು ಬೆಳಕಲ್ಲಿ ನೋಡಿ. ಪ್ರಿಂಟ್ ಕಪ್ಪಾಗಿದ್ದರೆ ತಪ್ಪು ಬಹಳ ಸಲ ಲ್ಯಾಬಿನದಲ್ಲ, ನಿಮ್ಮ ಮಾನಿಟರ್ ಬೆಳಕು ಜಾಸ್ತಿ ಇದೆ. ಅರ್ಧಕ್ಕೆ ಇಳಿಸಿ ಮತ್ತೆ ನೋಡಿ.

4. ಕಾರ್ಡ್

ಮೊದಲ ವರ್ಷ ನಾನೇ ಬಿದ್ದ ಗುಂಡಿ ಇದು. ಅಗ್ಗಕ್ಕೆ ಸಿಕ್ಕಿತೆಂದು 64 ಜಿಬಿ ಕಾರ್ಡ್ ತಂದೆ. ಮುಧೋಳದ ಕಡೆ ಒಂದು ಮದುವೆ. ಗುಗ್ಗಳ, ಕರಡಿ ಮಜಲು ಎಲ್ಲಾ ತೆಗೆದೆ. ಮನೆಗೆ ಬಂದು ನೋಡಿದರೆ ಮೊದಲ 16 ಜಿಬಿ ಬಿಟ್ಟು ಮುಂದಿನದೆಲ್ಲ ಬೂದು ಪಟ್ಟಿ. ಕಾರ್ಡ್ ನಕಲಿ. ಆ ಮನೆಯ ಹಿರಿಯರ ಮುಂದೆ ಕೈಕಟ್ಟಿ ನಿಂತದ್ದು ಇನ್ನೂ ನೆನಪಿದೆ. ಈಗ ಹೊಸ ಕಾರ್ಡ್ ಬಂದ ಕೂಡಲೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ಪ್ರೋಗ್ರಾಂನಿಂದ ಪೂರ್ತಿ ತುಂಬಿಸಿ ಓದಿಸುತ್ತೇನೆ. ಮ್ಯಾಕ್ ಇದ್ದರೆ ಎಫ್3.

5. ಲೆನ್ಸ್, ಫ್ಲ್ಯಾಶ್

ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತನ್ನಿ. ಗೊತ್ತಿರುವ ಫೋಟೊಗ್ರಾಫರ್ ಜೊತೆ ಕಲ್ಯಾಣ ಮಂಟಪಕ್ಕೆ ಹೋಗಿ. ವೇದಿಕೆಯ ಎಲ್‌ಇಡಿ ಕೆಳಗೆ 1/50, 1/100, 1/160, 1/320 ಸೆಕೆಂಡಿನ ಶಟರ್ ವೇಗದಲ್ಲಿ ಒಂದೊಂದು ತೆಗೆದು ನೋಡಿ. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100ರಲ್ಲಿ ಸರಿಯಾಗಿರುವ ಫೋಟೊ 1/320ರಲ್ಲಿ ಪಟ್ಟಿಪಟ್ಟಿ ಆಗುವುದು ಇದಕ್ಕೇ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಇನ್ನೂ ಕಷ್ಟ. ಅಕ್ಕಿಕಾಳು ಬೀಳುವಾಗ ಫೋಕಸ್ ಮುಖ ಬಿಟ್ಟು ಕಾಳಿನ ಹಿಂದೆ ಓಡುತ್ತದೆಯೇ ಎಂದೂ ನೋಡಿ.

24-70 ಎಂಎಂ ಎಫ್2.8 ಲೆನ್ಸ್ ಒಂದು, 85 ಎಂಎಂ ಎಫ್1.8 ಒಂದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬೆಳಕು ಹೆಚ್ಚು). ಇಷ್ಟರಲ್ಲೇ ನಾಲ್ಕು ವರ್ಷ ದುಡಿಯಬಹುದು. ಬಾಡಿ ಜೊತೆ ಬರುವ ಕಿಟ್ ಲೆನ್ಸ್ ಮನೆಯಲ್ಲಿರಲಿ. ಒಂದು ಫ್ಲ್ಯಾಶ್ ಸಾಕು. ಬಿಳಿ ಚಾವಣಿ ಇದ್ದರೆ ಫ್ಲ್ಯಾಶನ್ನು ಅದರತ್ತ ತಿರುಗಿಸಿ, ಬೆಳಕು ಅದಕ್ಕೆ ಬಡಿದು ಬರಲಿ. ಬಣ್ಣದ ಶಾಮಿಯಾನಕ್ಕೆ ಬಡಿದು ಬಂದರೆ ವಧುವಿಗೂ ಅದೇ ಬಣ್ಣ ಬರುತ್ತದೆ. ಬೆಳಗಾವಿ, ಖಾನಾಪುರದ ಕಡೆಯವರು ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಬಿಡಬೇಡಿ, ಬೂಸರು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇರಲಿ. ವಿಜಯಪುರದ ನಮಗೆ ದೂಳಿನದೇ ಕಾಟ, ಬಯಲಲ್ಲಿ ಲೆನ್ಸ್ ಬದಲಿಸುವುದೇ ಬೇಡ.

6. ಕ್ಯಾಮೆರಾ

ಎರಡು ಕಾರ್ಡ್ ಸ್ಲಾಟ್ ಇರಲೇಬೇಕು. ಉಳಿದದ್ದು ಕೈಗೆ ಹಿತವಾದದ್ದು. ಸೋನಿ ಎ7 ಮಾರ್ಕ್ 3, ನಿಕಾನ್ ಝಡ್5, ಕ್ಯಾನನ್ ಆರ್6 ಮೂರಕ್ಕೂ ಎರಡು ಸ್ಲಾಟ್ ಇವೆ. ಆರ್6ನ ಫೈಲ್ 5472×3648, ನಮ್ಮ 12×18 ಪುಟಕ್ಕೆ ಅಳೆದು ಮಾಡಿದಂತಿದೆ. ಕ್ಯಾನನ್ ಆರ್‌ಪಿ, ಆರ್8 ಒಳ್ಳೆಯವೇ, ಆದರೆ ಒಂದೇ ಸ್ಲಾಟ್. ಹೆಚ್ಚಿನ ಐಎಸ್‌ಒದಲ್ಲಿ (ಮಬ್ಬು ಬೆಳಕಿಗೆಂದು ಏರಿಸುವ ಸೂಕ್ಷ್ಮತೆ) ಫೋಟೊ ಹೇಗೆ ಬರುತ್ತದೆ ನೋಡಲು ಬಾಡಿಗೆ ಕ್ಯಾಮೆರಾ ಹಿಡಿದು ಗೋಳಗುಮ್ಮಟದ ಒಳಗೆ ಹೋಗಿ. ಟ್ರೈಪಾಡ್ ಒಯ್ಯಬೇಡಿ, ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಆ ಮಬ್ಬಿನಲ್ಲಿ ಕೈಯಲ್ಲೇ 6400ರಲ್ಲಿ ಜೊತೆಗಾರನ ಮುಖ ತೆಗೆದರೆ ಸಾಕು, ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಶಟರ್ ಎಷ್ಟು ಓಡಿದೆ ಕೇಳಿ. ಲೆನ್ಸಿಗೆ ಹಿಂದಿನಿಂದ ಟಾರ್ಚ್ ಹಾಕಿ ಬೂಸರು ಇದೆಯೇ ನೋಡಿ. ಹೊಸದಾದರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಡಬ್ಬಿ ಎಸೆಯಬೇಡಿ, ಮುಂದೆ ಮಾರುವಾಗ ಮೊದಲು ಕೇಳುವುದೇ ಅದನ್ನು.