ಯುಎನ್‌ಗೆ ಹೋಗ್ಬೇಕಾ? ಮೊದ್ಲು ಕಾಳಜಿ ಕೇಂದ್ರಕ್ಕೆ ಹೋಗಿ

ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಎಂಎ, ಮುಗ್ಸಿದ ಹುಡುಗ್ರು ಕೇಳೋದು ಒಂದೇ, ಯುಎನ್ (ವಿಶ್ವಸಂಸ್ಥೆ) ಆಫೀಸುಗಳಿರೋ ಜಿನೀವಾದಲ್ಲಿ ಕೆಲ್ಸ ಹೆಂಗೆ ಸಿಗುತ್ತೆ ಅಂತ. ಅದು ಆಮೇಲೆ, ನಿಮ್ಗೆ ಏನ್ ಕೆಲ್ಸ ಬರುತ್ತೆ ಹೇಳಿ. ನಿರಾಶ್ರಿತರ ಕ್ಯಾಂಪಲ್ಲಿ ಬೇಕಾಗಿರೋರು ನೀರಿನ ಲೆಕ್ಕ ಮಾಡೋರು, ಗೋಡೌನ್ ನೋಡ್ಕೊಳ್ಳೋರು, ಅಕೌಂಟ್ಸ್ ಬರೆಯೋರು, ನರ್ಸುಗಳು. ಜನಸೇವೆಯ ಆಸೆ ಅಂತ ಬಯೋಡೇಟಾದಲ್ಲಿ ಬರೆದ್ರೆ ಯಾರೂ ತಿರುಗಿ ನೋಡಲ್ಲ.

ಮೊದ್ಲು ಸ್ಫಿಯರ್ ಹ್ಯಾಂಡ್‌ಬುಕ್ 2018ರದ್ದು ಡೌನ್‌ಲೋಡ್ ಮಾಡ್ಕೊಳ್ಳಿ, ಫ್ರೀ ಇದೆ. ಪರಿಹಾರ ಕ್ಯಾಂಪಲ್ಲಿ ಜನಕ್ಕೆ ಕನಿಷ್ಠ ಏನೇನು ಸಿಗ್ಬೇಕು ಅಂತ ಹೇಳೋ ಪುಸ್ತಕ ಅದು. ಒಬ್ರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಟಾಯ್ಲೆಟ್, ಸೂರಿನ ಕೆಳಗೆ ತಲಾ 3.5 ಚದರ ಮೀಟರ್ ಜಾಗ. ಓದಿ ಮುಚ್ಚಿಡ್ಬೇಡಿ, ಮಳೆಗಾಲದಲ್ಲಿ ಕೃಷ್ಣಾ ತೀರದಲ್ಲಿ ನೆರೆ ಸಂತ್ರಸ್ತರಿಗೆ ಅಂತ ಸರ್ಕಾರ ಕಾಳಜಿ ಕೇಂದ್ರ ತೆರೆಯುತ್ತಲ್ಲ, ತಹಶೀಲ್ದಾರ್ ಆಫೀಸಲ್ಲಿ ಕೇಳಿ ವಾಲಂಟಿಯರ್ ಆಗಿ ಹೋಗಿ ಅಲ್ಲಿ ಈ ಲೆಕ್ಕ ಹಾಕಿ ನೋಡಿ. 2019ರ ಪ್ರವಾಹದಲ್ಲಿ ಬೆಳಗಾವಿ ಕಡೆ ಒಂದು ಶಾಲೇಲಿ ನಾನು ಎರಡು ವಾರ ಇದ್ದೆ, ಟಾಯ್ಲೆಟ್ಟಿಗೆ ಚಿಲಕಾನೇ ಇರ್ಲಿಲ್ಲ, ಹೆಂಗಸ್ರು ಕತ್ತಲಾಗ್ಲಿ ಅಂತ ಕಾಯ್ತಿದ್ರು. ಚಿಲಕ ಹಾಕ್ಸಿದ್ವಿ. ಆಮೇಲೆ ಇಂಟರ್ವ್ಯೂನಲ್ಲಿ ನನ್ನ ಡಿಗ್ರಿ ಬಗ್ಗೆ ಯಾರೂ ಕೇಳ್ಲಿಲ್ಲ, ಚಿಲಕದ ಬಗ್ಗೆನೇ ಹತ್ತು ನಿಮಿಷ ಕೇಳಿದ್ರು!

ಆಮೇಲೆ ಯುಎನ್ ವಾಲಂಟಿಯರ್ಸ್, ಯುಎನ್‌ನದ್ದೇ ಸ್ವಯಂಸೇವಕರ ಸಂಸ್ಥೆ. ಹೆಡ್ಡಾಫೀಸು ಜರ್ಮನಿಯ ಬಾನ್‌ನಲ್ಲಿ, ಪ್ರೊಫೈಲ್ ಮಾತ್ರ ಆನ್‌ಲೈನಲ್ಲೇ ಮಾಡ್ಬೇಕು. 18ರಿಂದ 26 ವಯಸ್ಸಿನವರಿಗೆ ಯೂತ್ ಪೋಸ್ಟ್ ಬೇರೇನೇ ಇರುತ್ತೆ, ಫೀಲ್ಡಿಗೆ ಹೋದ್ರೆ ತಿಂಗಳ ಖರ್ಚಿಗೆ ಭತ್ಯೆ ಕೊಡ್ತಾರೆ. ಯುಎನ್ ಸೆಕ್ರೆಟೇರಿಯಟ್ (ಯುಎನ್‌ನ ಮುಖ್ಯ ಆಡಳಿತ ಕಚೇರಿ) ಇಂಟರ್ನ್‌ಶಿಪ್ಪಲ್ಲಿ ಹಂಗಲ್ಲ, ಸಂಬಳ ಇಲ್ಲ, ನ್ಯೂಯಾರ್ಕ್ ಬಾಡಿಗೆ ನಿಮ್ಮಪ್ಪನ ಜೇಬಿಂದ. ಯುಎನ್‌ಗೆ ಯುವ ಅಧಿಕಾರಿಗಳನ್ನ ಆರಿಸೋ ವೈಪಿಪಿ ಪರೀಕ್ಷೆಗೆ ವಯಸ್ಸು 32 ದಾಟಿರ್ಬಾರ್ದು, ಆ ವರ್ಷದ ಪಟ್ಟೀಲಿ ನಮ್ಮ ದೇಶಾನೂ ಇರ್ಬೇಕು. ಎನ್‌ಜಿಒ ಕೆಲ್ಸಗಳು ರಿಲೀಫ್‌ವೆಬ್ ಅನ್ನೋ ವೆಬ್‌ಸೈಟಲ್ಲಿ ಬರ್ತವೆ. ಯುಎನ್ ಕೆಲ್ಸಕ್ಕೆ ಫೀಸು ಕಟ್ಟಿ ಅಂತ ಮೇಲ್ ಬಂದ್ರೆ ಅದು ಮೋಸಾನೇ, ಯಾವ ಹಂತದಲ್ಲೂ ಅವ್ರು ದುಡ್ಡು ಕೇಳಲ್ಲ.

ಶಾಂತಿ ಸ್ಥಾಪನೆ ಕಡೆ ಮನಸಿದ್ರೆ ಭಾಷೆ ಕಲೀರಿ. ಕಾಂಗೋ, ಮಧ್ಯ ಆಫ್ರಿಕಾದಂಥ ಕಡೆ ಫ್ರೆಂಚ್ ಇಲ್ದೆ ನಡೆಯಲ್ಲ, ಬೆಂಗಳೂರಲ್ಲಿ ಫ್ರೆಂಚ್ ಕಲಿಸೋ ಅಲಿಯಾನ್ಸ್ ಫ್ರಾನ್ಸೆಸ್‌ಗೆ ಸೇರ್ಕೊಳ್ಳಿ. ಜಗಳ ಆಡ್ತಿರೋ ಎರಡು ಕಡೆಯವ್ರ ಮಾತೂ ಮಧ್ಯೆ ಬಾಯಿ ಹಾಕ್ದೆ ಕೇಳೋ ಅಭ್ಯಾಸಕ್ಕೆ ಮಾತ್ರ ಕ್ಲಾಸ್ ಬೇಡ, ಊರಲ್ಲಿ ಬೋರ್‌ವೆಲ್ ಪಂಚಾಯ್ತಿಗೆ ಹೋಗಿ ಕೂತ್ರೆ ಸಾಕು.

ಇನ್ನೊಂದು, 2025ರಲ್ಲಿ ಅಮೆರಿಕಾ ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆ ಮುಚ್ಚಿದ್ಮೇಲೆ ದೊಡ್ಡ ದೊಡ್ಡ ಏಜೆನ್ಸಿಗಳೇ ಸ್ಟಾಫ್ ಕಮ್ಮಿ ಮಾಡಿದ್ವು, ಹತ್ತು ವರ್ಷ ಅನುಭವ ಇರೋರೂ ಈಗ ನಿಮ್ಮ ಜೊತೆ ಲೈನಲ್ಲಿ ನಿಂತಿದಾರೆ. ಅದಕ್ಕೆ ಒಂದೆರಡು ವರ್ಷ ಇಲ್ಲೇ ಸಂಬಳದ ಕೆಲ್ಸ ಹಿಡೀರಿ. ಪಾಸ್‌ಪೋರ್ಟ್ ಮಾತ್ರ ಇವತ್ತೇ ಮಾಡ್ಸಿಡಿ, ಪೊಲೀಸ್ ವೆರಿಫಿಕೇಶನ್ನು ನಿಮ್ಮ ಆಫರ್ ಲೆಟರ್ ನೋಡ್ಕೊಂಡು ಬರಲ್ಲ.