ಓಡಿಸುವ ಮುನ್ನ ಊಹಿಸಿ ಬರೆಯಿರಿ

ಲ್ಯಾಬಿನಲ್ಲಿ ಮೊದಲ ಇಪ್ಪತ್ತು ನಿಮಿಷ ಯಾರೂ ಕಂಪ್ಯೂಟರ್ ಮುಟ್ಟುವಂತಿಲ್ಲ, ಕೋಡ್ ಓಡಿಸಿದರೆ ಏನು ಬರುತ್ತದೆ ಎಂದು ಊಹಿಸಿ ಕಾಗದದಲ್ಲಿ ಬರೆಯಬೇಕು ಎಂದು ನಾನು ನಿಯಮ ಮಾಡಿದಾಗ ವಿಭಾಗದಲ್ಲಿ ಎಲ್ಲರೂ ನಕ್ಕರು. ಡೇಟಾ ಸೈನ್ಸ್ ಕಲಿಸಲು ಪೆನ್ನು, ಕಾಗದವೇ ಎಂದರು. ಹೀಗಾದರೆ ಸೆಮಿಸ್ಟರ್ ಮುಗಿದರೂ ಅರ್ಧ ಪಠ್ಯ ಉಳಿಯುತ್ತದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ತರಗತಿಗಳ ಲೆಕ್ಕ ಹಾಕಿಯೇ ತೋರಿಸಿದರು. ಈಗ ಮೂರು ಸೆಮಿಸ್ಟರ್ ಕಳೆದಿವೆ. ಉಳಿದದ್ದು ಒಂದೇ ಅಧ್ಯಾಯ, ಅದೂ ಮೊದಲ ಸಲ ಮಾತ್ರ.

2022ರ ನವೆಂಬರಿನಲ್ಲಿ ಕೇಳಿದ ಕೋಡನ್ನೆಲ್ಲ ಬರೆದುಕೊಡುವ ಚಾಟ್‌ಜಿಪಿಟಿ ಬಂದ ಮೇಲೆ ನನ್ನ ತರಗತಿಯ ಅಸೈನ್‌ಮೆಂಟುಗಳು ಇದ್ದಕ್ಕಿದ್ದಂತೆ ಅಚ್ಚುಕಟ್ಟಾದವು. ಕೋಡಿನ ಪ್ರತಿ ಸಾಲಿಗೂ ಟಿಪ್ಪಣಿ, ಪ್ರತಿ ನಕ್ಷೆಗೂ ಶೀರ್ಷಿಕೆ. ‘ಈ ಸಾಲು ಏಕೆ ಬೇಕು?’ ಎಂದರೆ ಮಾತ್ರ ಮೌನ. ಅರವತ್ತು ಮಂದಿಯಲ್ಲಿ ಬಾಯಿ ಬಿಟ್ಟವರು ಹತ್ತೋ ಹನ್ನೆರಡೋ. ಎಲ್ಲರಂತೆ ನಾನೂ ಮೊದಲು ನಿಷೇಧ ಹೇರಿದೆ, ಮೂರು ವಾರ ನಡೆಯಿತು. ಬಳಿಕ ನಕಲು ಪತ್ತೆ ಮಾಡುವ ತಂತ್ರಾಂಶದ ಮೊರೆ ಹೋದೆ. ಅದು ತರಗತಿಯಲ್ಲೇ ಸ್ವಂತವಾಗಿ ಬರೆಯುವ ಹುಡುಗಿಯ ಮೇಲೆ ಬೆರಳು ತೋರಿಸಿತು. ಅವಳ ಕ್ಷಮೆ ಕೇಳಿದ ದಿನವೇ ಅದನ್ನು ತೆಗೆದುಹಾಕಿದೆ.

ದುಡ್ಡಿನ ಪೆಟ್ಟು ತಿಂದದ್ದು ಅದಕ್ಕೂ ಮೊದಲು. ಅಂತರಜಾಲದಲ್ಲಿ ಬಾಡಿಗೆಗೆ ಸಿಗುವ ಭಾರೀ ಲೆಕ್ಕಗಳನ್ನು ವೇಗವಾಗಿ ಮಾಡುವ ಜಿಪಿಯು ಯಂತ್ರವೊಂದನ್ನು ನನ್ನ ಖಾತೆಯಲ್ಲೇ ತೆಗೆದುಕೊಂಡೆ. ಶುಕ್ರವಾರ ಪಾಠ ಮುಗಿಸಿ ಅದನ್ನು ನಿಲ್ಲಿಸಲು ಮರೆತೆ, ಮುಂದೆ ನಾಲ್ಕು ದಿನ ರಜೆ. ಬಿಲ್ಲು ಆ ತಿಂಗಳ ಸಂಬಳದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನುಂಗಿತು, ಕಾಲೇಜು ಬಿಡಿಗಾಸೂ ಕೊಡಲಿಲ್ಲ. ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇದೆ: ಆ ದಿನ ನಾವು ಬಳಸಿದ ದತ್ತಾಂಶದಲ್ಲಿ ಇದ್ದದ್ದು ಸುಮಾರು ನಾನೂರು ಸಾಲು. ಲ್ಯಾಬಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಯಂತ್ರವೇ ಧಾರಾಳವಾಗಿ ಸಾಕಿತ್ತು. ಈಗ ಅಂಥ ಹಳೆಯ ಯಂತ್ರಗಳಲ್ಲೇ ಎಲ್ಲ ನಡೆಯುತ್ತಿದೆ.

ನಾನು ಮಾಡಿದ್ದು ಇಷ್ಟು. ಇಳಿಜಾರು ನೋಡಿ ಹೆಜ್ಜೆ ಹೆಜ್ಜೆಯಾಗಿ ಫಲನದ ಕನಿಷ್ಠ ಬೆಲೆಯತ್ತ ಇಳಿಯುವ ಗ್ರೇಡಿಯೆಂಟ್ ಡಿಸೆಂಟ್ ಪಾಠವನ್ನೇ ನೋಡಿ. ಫಲನ ಎಕ್ಸ್‌ನ ವರ್ಗ, ಅದರ ಇಳಿಜಾರು ಎಕ್ಸ್‌ನ ಎರಡರಷ್ಟು. ಎಕ್ಸ್‌ನ ಆರಂಭದ ಬೆಲೆ 5, ಹೆಜ್ಜೆಯ ಗಾತ್ರ ಹೇಳುವ ಲರ್ನಿಂಗ್ ರೇಟ್ 0.1. ಪ್ರತಿ ಹೆಜ್ಜೆಯಲ್ಲೂ ಇಳಿಜಾರನ್ನು ರೇಟಿನಿಂದ ಗುಣಿಸಿ ಎಕ್ಸ್‌ನಿಂದ ಕಳೆಯಬೇಕು. ಕೈಯಲ್ಲೇ ಲೆಕ್ಕ ಮಾಡಿದರೆ 4, 3.2, 2.56 ಎಂದು ಇಳಿಯುತ್ತದೆ. ರೇಟನ್ನು 1 ಮಾಡಿದರೆ ಏನಾಗುತ್ತದೆ, 1.1 ಮಾಡಿದರೆ ಏನಾಗುತ್ತದೆ? ಪೆನ್ನಿನಲ್ಲಿ ಊಹೆ ಬರೆದು ಸಹಿ ಹಾಕಬೇಕು, ಅಳಿಸುವಂತಿಲ್ಲ. ‘ಇನ್ನೂ ಬೇಗ ಸೊನ್ನೆ ಮುಟ್ಟುತ್ತದೆ’ ಎಂದೇ ಮುಕ್ಕಾಲು ಪಾಲು ಮಂದಿ ಬರೆಯುತ್ತಾರೆ. ಓಡಿಸಿದಾಗ ಮೊದಲನೆಯದು 5, ಮೈನಸ್ 5, 5 ಎಂದು ಉಯ್ಯಾಲೆಯಾಡುತ್ತದೆ. ಎರಡನೆಯದು ಮೈನಸ್ 6, 7.2, ಮೈನಸ್ 8.64 ಎಂದು ಕೈತಪ್ಪಿ ಹೋಗುತ್ತದೆ. ಆಗ ತರಗತಿಯಲ್ಲಿ ಏಳುವ ಗದ್ದಲವನ್ನು ನಾನು ಯಾವ ಸ್ಲೈಡಿನಿಂದಲೂ ಎಬ್ಬಿಸಿದ್ದಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಸರಿಯಾದ ಊಹೆಗೆ ಅಂಕ ಕೊಟ್ಟು ಕೆಟ್ಟೆ. ಮೇಜಿನ ಕೆಳಗೆ ಮೊಬೈಲಿನಲ್ಲಿ ಓಡಿಸಿ ನೋಡಿ, ಆಮೇಲೆ ‘ಊಹೆ’ ಬರೆದರು. ಎಲ್ಲರದೂ ದಶಮಾಂಶದ ಆರನೆಯ ಸ್ಥಾನದವರೆಗೆ ಸರಿ! ಈಗ ಊಹೆಗೆ ಅಂಕವೇ ಇಲ್ಲ. ಊಹೆ ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂಬ ನಾಲ್ಕು ಸಾಲಿಗೆ ಅಂಕ. ತಪ್ಪದೇ ಇದ್ದವರು ತಪ್ಪಬಹುದಾಗಿದ್ದ ಜಾಗವನ್ನು ತೋರಿಸಬೇಕು. ಕದಿಯಲು ಕಾರಣವೇ ಉಳಿಯಲಿಲ್ಲ.

ಪ್ರಸಿದ್ಧ ದತ್ತಾಂಶಗಳನ್ನೂ ಕೈಬಿಟ್ಟೆ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಬಳಸಿದ ಐರಿಸ್‌ನ 150 ಹೂವುಗಳ ಅಳತೆಗಳಾಗಲಿ, ಸರಾಸರಿ ಒಂದೇ ಇದ್ದರೂ ನಕ್ಷೆಯಲ್ಲಿ ಬೇರೆಬೇರೆಯಾಗಿ ಕಾಣುವ 1973ರ ಆನ್ಸ್‌ಕೋಂಬ್‌ನ ನಾಲ್ಕು ಗುಂಪುಗಳಾಗಲಿ, ಎರಡು ಸಾಲು ಕೊಟ್ಟರೆ ಸಾಕು, ಚಾಟ್‌ಜಿಪಿಟಿಯಂಥ ಯಂತ್ರ ಹೆಸರು ಹಿಡಿದು ಕೂಗುತ್ತದೆ. ಬದಲಿಗೆ 2, 4, 6, 8 ಕೊಡುತ್ತೇನೆ. ವೇರಿಯನ್ಸ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಕಂಡುಹಿಡಿಯಿರಿ ಎಂದರೆ ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿಗಳಲ್ಲಿ ನಂಪೈ ಬಳಸಿದವರಿಗೆ 5 ಬರುತ್ತದೆ, ಪಾಂಡಾಸ್ ಬಳಸಿದವರಿಗೆ 6.67. ಇಬ್ಬರೂ ಅಕ್ಕಪಕ್ಕದಲ್ಲಿ ಕುಳಿತು ಜಗಳವಾಡಲಿ ಎಂದು ಬಿಡುತ್ತೇನೆ. ಸರಾಸರಿಯಿಂದ ಇರುವ ಅಂತರಗಳ ವರ್ಗಗಳ ಮೊತ್ತವನ್ನು ಒಂದು ನಾಲ್ಕರಿಂದ ಭಾಗಿಸುತ್ತದೆ, ಇನ್ನೊಂದು ಮೂರರಿಂದ ಎಂಬುದು ಅವರಿಗೇ ಹೊಳೆಯುವಷ್ಟರಲ್ಲಿ ನನ್ನ ಅರ್ಧ ಪಾಠ ಮುಗಿದಿರುತ್ತದೆ.

ಕೊನೆಗೆ ತಲಾ ನಾಲ್ಕು ನಿಮಿಷದ ಮೌಖಿಕ ಪರೀಕ್ಷೆ. ಲೆಕ್ಕದ ಪ್ರಕಾರ ಅರವತ್ತು ಮಂದಿಗೆ ನಾಲ್ಕು ಗಂಟೆ, ನಡೆದದ್ದು ಆರೂವರೆಯ ಹತ್ತಿರ. ಅವರ ಕೋಡಿನ ನೋಟ್‌ಬುಕ್ಕಿನಲ್ಲಿಯೇ ಒಂದು ಸಂಖ್ಯೆ ಬದಲಿಸಿ ‘ಈಗೇನಾಗುತ್ತದೆ?’ ಎಂದು ಕೇಳುತ್ತೇನೆ, ಅಷ್ಟೇ. ಯಾವ ಸಂಖ್ಯೆ ಎಂಬುದನ್ನು ಹೇಗೆ ಆರಿಸುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ, ವಿದ್ಯಾರ್ಥಿಗಳೂ ಇದನ್ನು ಓದುತ್ತಾರೆ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ತರಗತಿಯ ಕಪ್ಪು ಬಿಳುಪು ಚಿತ್ರವನ್ನು 512ಕ್ಕೆ 512ರ ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳ ಚೌಕ, ಮಾಡಿ, ಅದನ್ನು ಮುಖ್ಯವಾದದ್ದು ಮೊದಲು ಬರುವಂತೆ ಸರಳ ಪದರಗಳಾಗಿ ಬಿಡಿಸುವ ಎಸ್‌ವಿಡಿ ವಿಧಾನ ಹಚ್ಚಿದೆವು. 2,62,144 ಸಂಖ್ಯೆಗಳ ಬದಲು 50 ಸಿಂಗ್ಯುಲರ್ ಬೆಲೆಗಳನ್ನು, ಅಂದರೆ ಪದರಗಳ ತೂಕಗಳನ್ನು, ಪ್ರತಿಯೊಂದರ ಜೊತೆ ಬರುವ 512 ಸಂಖ್ಯೆಗಳ ಎರಡೆರಡು ಪಟ್ಟಿಗಳನ್ನಷ್ಟೇ ಇಟ್ಟುಕೊಂಡರೆ 51,250 ಸಂಖ್ಯೆಗಳು ಸಾಕು. ಇಪ್ಪತ್ತರ ಆಸುಪಾಸಿನಲ್ಲೇ ಒಬ್ಬೊಬ್ಬರ ಮುಖ ಗುರುತಾಗತೊಡಗಿ ಹುಯಿಲೆದ್ದಿತು. ಪರೀಕ್ಷೆಯಲ್ಲಿ ಮಾತ್ರ 2ಕ್ಕೆ 2ರ ಮ್ಯಾಟ್ರಿಕ್ಸಿಗೆ, ಈ ವಿಧಾನಕ್ಕೇ ಬುನಾದಿಯಾದ ಐಗನ್ ಬೆಲೆ ಬರೆಯಿರಿ ಎಂದರೆ ಹತ್ತು ಮಂದಿಗೂ ಬರಲಿಲ್ಲ. ಈಗ ಚಿತ್ರ ಬೇಕಾದರೆ ಮೊದಲು ಆ 2ಕ್ಕೆ 2ರ ಲೆಕ್ಕ ಮಾಡಿ ತೋರಿಸಬೇಕು.

ಲೆಕ್ಕ ಹಾಕಿ ತೋರಿಸಿದ್ದ ಹಿರಿಯರು ಕಳೆದ ತಿಂಗಳು ನನ್ನ ಊಹೆ ಹಾಳೆಗಳನ್ನು ಕೇಳಿ ಪಡೆದರು. ಈಚೆಗೆ ನಾನು ಚಾಟ್‌ಜಿಪಿಟಿಯಂಥ ಯಂತ್ರದ ಕೈಯಿಂದಲೇ ತಪ್ಪಿರುವ ಕೋಡ್ ಬರೆಯಿಸಿ, ಆ ತಪ್ಪನ್ನು ಹುಡುಕಲು ವಿದ್ಯಾರ್ಥಿಗಳಿಗೆ ಹೇಳುವ ಪ್ರಯೋಗ ಮಾಡಿದೆ. ಎರಡು ಸಲ ನೋಡಿದೆ. ಬೇಕೆಂದೇ ಮಾಡಿಸಿದ ತಪ್ಪುಗಳು ದೂರದಿಂದಲೇ ಕಾಣುತ್ತವೆ. ಹಾಗಾಗಿ ತಪ್ಪುಗಳನ್ನು ನಾನೇ ಕುಳಿತು ಹೆಣೆಯುತ್ತಿದ್ದೇನೆ, ಒಂದು ಹಾಳೆಗೆ ಒಂದು ಭಾನುವಾರ ಪೂರ್ತಿ ಬೇಕು.